ಎಲೆ ಕಟ್ಟು, ಮಳೆ ಮತ್ತು ಅಬ್ಬಾನ ಬೈಕು

ನಮ್ಮ ಮನೆಯ ಬೈಕಿಗೆ ನನಗಿಂತ ಹೆಚ್ಚು ವಯಸ್ಸು. ಪೆಟ್ರೋಲಿಗೆ ಆಯಿಲ್ ಬೆರೆಸಿ ಹಾಕಬೇಕಾದ ಹಳೆಯ ಟೂ ಸ್ಟ್ರೋಕ್ ಗಾಡಿ. ಬಿಸಿಲಿದ್ದರೆ ಕುದುರೆ, ಮಳೆ ಬಂದರೆ ಕತ್ತೆ ಎನ್ನುತ್ತಾರೆ ಅಮ್ಮಿ. ಅದರ ಮೇಲೆಯೇ ಅಬ್ಬಾ ವಾರಕ್ಕೊಮ್ಮೆ ಸವಣೂರಿನ ವೀಳ್ಯದೆಲೆಯನ್ನು ಶಿಗ್ಗಾಂವಿ, ಹಾನಗಲ್ಲ ದಾಟಿ ಹಿರೇಕೆರೂರಿನವರೆಗೆ ಒಯ್ಯುತ್ತಾರೆ. ದಾರಿಯ ಪಾನ್ ಅಂಗಡಿಗಳಿಗೆಲ್ಲ ಕೊಡುತ್ತ ಹೋಗಬೇಕು, ಅದು ಬಸ್ಸಿನಲ್ಲಿ ಆಗದ ಕೆಲಸ. ಒಂದು ವಾರ ತಪ್ಪಿದರೆ ಅಂಗಡಿಯವರು ಬೇರೆಯವರ ಎಲೆ ತೆಗೆದುಕೊಳ್ಳುತ್ತಾರೆ. ತೋಟದವರಿಗೆ ಕೊಡಬೇಕಾದ ಬಾಕಿ ಮಾತ್ರ ಹಾಗೇ ಉಳಿಯುತ್ತದೆ.

2023ರ ಜುಲೈ ನಿಮಗೂ ನೆನಪಿರಬಹುದು. ಸವಣೂರಿನ ಮೂರು ದೊಡ್ಡಹುಣಸೆ ಮರಗಳಲ್ಲಿ ಒಂದು ಉರುಳಿದ್ದು ಆ ತಿಂಗಳೇ. (ಅದನ್ನು ಮತ್ತೆ ಎತ್ತಿ ನೆಟ್ಟರು.) ತಿಂಗಳ ಕೊನೆಗೆ ಮಳೆ ಜೋರಾಗಿ ಕಾಲೇಜಿಗೆ ರಜೆ ಸಿಕ್ಕಿತು. ಅಬ್ಬಾನ ಜೊತೆ ಹೋಗುತ್ತಿದ್ದ ಭಾಯಿ ಹುಬ್ಬಳ್ಳಿಯಲ್ಲಿ ಕೆಲಸಕ್ಕೆ ಸೇರಿದ್ದ. ಅಬ್ಬಾನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದರೂ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ನಾನು ಬರುತ್ತೇನೆ ಎಂದೆ. ಅಮ್ಮಿ ಬೇಡವೆಂದರು. ಅಬ್ಬಾ ಏನೂ ಹೇಳದೆ ಇನ್ನೊಂದು ರೇನ್‌ಕೋಟ್ ತಂದಿಟ್ಟರು.

ಹೀಗೆ ಸುತ್ತಿ ಹೋದರೆ ನೂರು ಕಿಲೋಮೀಟರಿನ ಆಸುಪಾಸು. ಶಿಗ್ಗಾಂವಿವರೆಗೆ ತೊಂದರೆಯಾಗಲಿಲ್ಲ. ಆಮೇಲೆ ರಸ್ತೆ ಯಾವುದು, ತಗ್ಗು ಯಾವುದು ತಿಳಿಯದಷ್ಟು ನೀರು. "ಎಡಕ್ಕೆ ತಗ್ಗು ಅಬ್ಬಾ", "ಎದುರಿಗೆ ಲಾರಿ", "ನಿಧಾನ" ಎಂದು ಕೂಗುತ್ತಲೇ ಇದ್ದೆ. ಮೊದಮೊದಲು "ಕಾಣ್ತದೆ ಬೇಟಾ" ಎನ್ನುತ್ತಿದ್ದರು. ಹಾನಗಲ್ಲ ಸೀಮೆಯ ಭತ್ತದ ಗದ್ದೆಗಳು ಬರುವ ಹೊತ್ತಿಗೆ ಹಾಗೆ ಹೇಳುವುದನ್ನು ಬಿಟ್ಟು, ನಾನು ಹೇಳಿದ ಕಡೆಗೆ ಹ್ಯಾಂಡಲ್ ತಿರುಗಿಸತೊಡಗಿದರು. ನೀರು ದಾಟಿದ ಮೇಲೆ ಬ್ರೇಕ್ ಹಿಡಿಯುವುದಿಲ್ಲ, ಸ್ವಲ್ಪ ದೂರ ಮೆಲ್ಲಗೆ ಒತ್ತಿಕೊಂಡೇ ಹೋದರೆ ಒಣಗುತ್ತದೆ ಎಂಬುದನ್ನು ನನಗೆ ಕಲಿಸಿದ್ದೂ ಅಲ್ಲಿಯೇ.

ಹಾನಗಲ್ಲ ಬಿಟ್ಟು ಸ್ವಲ್ಪ ಹೊತ್ತಿಗೆ ಬೈಕು ಎರಡು ಸಲ ಕೆಮ್ಮಿ ನಿಂತಿತು. ಅಬ್ಬಾ ಪ್ಲಗ್ ಬಿಚ್ಚಿದರು. ಎಣ್ಣೆ, ನೀರು, ಮಸಿ ಎಲ್ಲ ಸೇರಿಕೊಂಡಿತ್ತು. ಒರೆಸಲು ಒಣಬಟ್ಟೆಯೇ ಇಲ್ಲ! ದುಪಟ್ಟಾದ ಒಳಗಿನ ತುದಿ ಕೊಟ್ಟೆ. ಎರಡು ಬಾರಿ ಒರೆಸಿ ಹಾಕಿದರೂ ಸ್ಟಾರ್ಟ್ ಆಗಲಿಲ್ಲ. ಹೊಲದಿಂದ ಬರುತ್ತಿದ್ದ ಒಬ್ಬ ಅಜ್ಜ ನಿಂತು, "ಸಾಹೇಬ್ರ, ಹುಡುಗೀನ ಮಳ್ಯಾಗ ಯಾಕ್ ನಿಲ್ಲಿಸೀರಿ? ಬರ್ರಿ ಮನಿಗೆ" ಎಂದು ಕರೆದೊಯ್ದರು. ಅವರ ಮನೆಯ ಒಲೆಯ ಮುಂದೆ ಪ್ಲಗ್ ಒಣಗಿತು, ನಾವೂ ಒಣಗಿದೆವು. ಚಹಾ ಕುಡಿದೆವು. ಅಜ್ಜಿ ಎಲೆ ಕಟ್ಟು ನೋಡಿ, "ಸವಣೂರ ಎಲಿ ಹೌದಲ್ಲೋ?" ಎಂದರು. ದುಡ್ಡು ತೆಗೆದುಕೊಳ್ಳುವವರಲ್ಲ ಎಂದು ಅಬ್ಬಾನಿಗೆ ಗೊತ್ತು. ಒಂದು ಹಿಡಿ ಎಲೆ ಕೊಟ್ಟರು. ಹೊರಡುವಾಗ ಅಜ್ಜ ಒಂದು ಪ್ಲಾಸ್ಟಿಕ್ ಚೀಲ ಹರಿದು ಪ್ಲಗ್ಗಿನ ಟೋಪಿಗೆ ಸುತ್ತಿ ಕಟ್ಟಿದರು. ಆ ಚೀಲವೇ ನಮ್ಮನ್ನು ಊರು ಮುಟ್ಟಿಸಿದ್ದು.

ವರದಾ ನದಿ ಕೆಂಪಾಗಿ ಹರಿಯುತ್ತಿತ್ತು. ಸೇತುವೆಯ ಮೇಲೆ ನಾನು ಏನೂ ಕೂಗಲಿಲ್ಲ, ಅಬ್ಬಾನ ಬೆನ್ನು ಹಿಡಿದು ದುವಾ ಓದಿಕೊಂಡೆ. ಆಮೇಲೆ ಗೋವಿನಜೋಳದ ಹೊಲಗಳು, ಚಿಕ್ಕೇರೂರು, ಕೊನೆಗೆ ಹಿರೇಕೆರೂರು. ಅಂಗಡಿಯವರು ಕಟ್ಟು ಬಿಚ್ಚಿದಾಗ ಮೇಲಿನ ಎಲೆಗಳು ಕಪ್ಪಾಗಿದ್ದವು. ಅವನ್ನು ಲೆಕ್ಕದಿಂದ ತೆಗೆದರು. ನನಗೆ ಸಿಟ್ಟು ಬಂತು, ಅಬ್ಬಾನಿಗೆ ಬರಲಿಲ್ಲ. ಹಳೆಯ ಬಾಕಿಯನ್ನೂ ಸೇರಿಸಿ ಕೊಟ್ಟು, "ಇಂಥಾ ಮಳ್ಯಾಗ ನೀವು ಬರಾಂಗಿಲ್ಲ ಅಂತ ತಿಳ್ಕೊಂಡಿದ್ನಿ" ಎಂದರು.

ಬೈಕನ್ನು ಅಲ್ಲಿಯೇ ಗ್ಯಾರೇಜಿಗೆ ಬಿಟ್ಟು ಬಸ್ಸು ಹತ್ತಿದೆವು. ಕಣ್ಣು ಯಾವಾಗ ತೋರಿಸುವುದು ಎಂದು ಕೇಳಿದೆ. ಮೊದಲು ಗಾಡಿ ರಿಪೇರಿಯಾಗಲಿ ಎಂದರು. ಗಾಡಿಗೆ ಮೂರು ದಿನ ಸಾಕು, ನಿಮಗೆ ಎಷ್ಟು ದಿನ ಬೇಕು ಎಂದೆ. ಅಬ್ಬಾ ಕಿಟಕಿಯತ್ತ ನೋಡುತ್ತ ಕುಳಿತರು. ಹಾನಗಲ್ಲ ಬಂದಾಗ, ಭಾಯಿಗೆ ಫೋನ್ ಹಚ್ಚು ಎಂದರು.

ಬಲಗಣ್ಣಿನ ಆಪರೇಷನ್ ಸೆಪ್ಟೆಂಬರಿನಲ್ಲಿ ಆಯಿತು. ಎಡಗಣ್ಣಿನದು ಇನ್ನೂ ಬಾಕಿಯಿದೆ.