ಸೊಳ್ಳೆಪರದೆಯ ತೊಟ್ಟಿಲು

ನನ್ನ ಭಾವಮೈದುನನು ಕರುಣೆಯಿಲ್ಲದವನಲ್ಲ. ಬೀದಿಯ ನಾಯಿಗೆ ಎರಡು ಬಿಸ್ಕತ್ತು ಹಾಕದೆ ಬೆಳಗಿನ ಕಾಫಿಯನ್ನು ಮುಟ್ಟದವನು. ಮಳೆಗಾಲದಲ್ಲಿ ಅಂಗಳಕ್ಕೆ ಬಂದ ಎರೆಹುಳುವನ್ನು ಕಡ್ಡಿಯಿಂದೆತ್ತಿ ಮಣ್ಣಿಗೆ ಬಿಡುವವನು. ಅಂಥವನು ಒಂದು ಸಂಜೆ, ನಾನು ಹಳೆಯ ಸೊಳ್ಳೆಪರದೆಯ ತುಂಡೊಂದನ್ನು ತೊಡೆಯ ಮೇಲೆ ಹರಡಿಕೊಂಡು ಗಾಳಿಕೊಳವೆಯ ಬಳೆಯೊಂದರ ಸುತ್ತ ಹೊಲಿಯುತ್ತ ಕುಳಿತಿದ್ದಾಗ, ಚಪ್ಪಲಿಯನ್ನೂ ಬಿಡದೆ ಹೊಸ್ತಿಲಲ್ಲೇ ನಿಂತು, "ಹೆತ್ತ ತಾಯಿಯೇ ಮರಿಗಳನ್ನು ನುಂಗುವಾಗ ನಡುವೆ ಬರಲು ನೀವು ಯಾರು ಭಾವ? ಪ್ರಕೃತಿ ಇರುವುದೇ ಹಾಗಲ್ಲವೇ?" ಎಂದುಬಿಟ್ಟನು. ತನ್ನ ಅಕ್ಕ ಕೊಟ್ಟ ಕಾಫಿ ಕುಡಿದು ಹೊರಟೂ ಹೋದನು. ಅವನ ಪಾಲಿಗೆ ಆ ಮಾತು ಅಲ್ಲಿಗೆ ಮುಗಿಯಿತು. ನನ್ನ ಪಾಲಿಗೆ ಮುಗಿಯಲಿಲ್ಲ.

ಗಪ್ಪಿಯನ್ನು ಸಾಕಿದವರಿಗೆ ಈ ಸಂಗತಿ ಹೊಸದೇನಲ್ಲ. ಮೊಟ್ಟೆಯಿಡದೆ ಜೀವಂತ ಮರಿಗಳನ್ನೇ ಹೆರುವ ಜಾತಿಯದು; ಒಮ್ಮೆ ಕೂಡಿದ ಹೆಣ್ಣು ಗಂಡಿನ ಬೀಜವನ್ನು ತಿಂಗಳುಗಟ್ಟಲೆ ಒಡಲಲ್ಲಿ ಕಾಪಿಟ್ಟುಕೊಂಡು, ಹೆಚ್ಚುಕಡಿಮೆ ನಾಲ್ಕು ವಾರಗಳಿಗೊಮ್ಮೆ ಒಂದೊಂದು ಹಿಂಡನ್ನು ನೀರಿಗೆ ಬಿಡುತ್ತದೆ. ಹೊಟ್ಟೆಯ ಹಿಂಬದಿಯ ಕಪ್ಪು ಕಲೆ ದಿನದಿನಕ್ಕೆ ಹಿಗ್ಗಿ, ಕೊನೆಗೆ ಅದರೊಳಗಿನಿಂದ ಸಣ್ಣ ಕಣ್ಣುಗಳೇ ಹೊರನೋಡುವಂತೆ ಕಾಣುವುದುಂಟು. ಹುಟ್ಟಿದ ಮರಿಯ ಉದ್ದ 6-7 ಮಿಲಿಮೀಟರು. ಹುಟ್ಟಿದ ಕ್ಷಣದಿಂದಲೇ ಅದಕ್ಕೆ ಈಜು ಬರುತ್ತದೆ, ಅಡಗುವ ಬುದ್ಧಿಯೂ ಬರುತ್ತದೆ. ಆದರೆ ಅಡಗಲು ತಾಣ ಬೇಕಷ್ಟೆ. ಟ್ರಿನಿಡಾಡಿನ ತೊರೆಯಲ್ಲಾದರೆ ದಡದ ತೆಳುನೀರುಂಟು. ದೊಡ್ಡ ಮೀನಿನ ಮೈ ನುಸುಳಲಾರದ ಬೇರುಗಳ ಸಂದುಂಟು. ನನ್ನ ಮನೆಯ ಕಿಟಕಿಯ ಬಳಿಯಿರುವ ಎರಡಡಿಯ ಗಾಜಿನ ಪೆಟ್ಟಿಗೆಯಲ್ಲಿ ನಾಲ್ಕು ಗೋಡೆಗಳುಂಟು. ಆ ಗೋಡೆಗಳನ್ನು ಕಟ್ಟಿದ್ದು ಪ್ರಕೃತಿಯಲ್ಲ, ನಾನು.

ಈ ಮೀನಿಗೆ ಹೆಸರು ಬಂದದ್ದು ಟ್ರಿನಿಡಾಡಿನಲ್ಲಿದ್ದ ರಾಬರ್ಟ್ ಜಾನ್ ಲೆಚ್ಮಿಯರ್ ಗಪ್ಪಿಯೆಂಬ ಮಹನೀಯರಿಂದ. ಅವರು ಕಳುಹಿದ ಮೀನನ್ನು ಲಂಡನ್ನಿನಲ್ಲಿ ಗ್ಯುಂಥರ್ ಎಂಬ ವಿದ್ವಾಂಸರು 1866ರಲ್ಲಿ ವರ್ಣಿಸಿ ಅವರ ಹೆಸರನ್ನೇ ಇಟ್ಟರು. ಆದರೆ ಬರ್ಲಿನ್ನಿನ ಪೀಟರ್ಸ್ ಅದಾಗಲೇ 1859ರಲ್ಲಿ ಬೇರೊಂದು ಹೆಸರು ಕೊಟ್ಟಿದ್ದರಾದುದರಿಂದ ಶಾಸ್ತ್ರದಲ್ಲಿ ಆ ಹೆಸರು ನಿಂತಿತು, ಜನರ ಬಾಯಲ್ಲಿ ಈ ಹೆಸರು ನಿಂತಿತು. ಸೊಳ್ಳೆಯ ಮರಿಹುಳುಗಳನ್ನು ತಿನ್ನುವ ಮೀನೆಂದು ದೇಶದೇಶಗಳಿಗೆ ಅದನ್ನು ಒಯ್ದರು. ನಮ್ಮ ಕೋಲಾರದ ಕಡೆಯ ಹಳ್ಳಿಗಳ ಬಾವಿಗಳಿಗೂ ಮಲೇರಿಯಾ ತಡೆಯಲೆಂದು ಗಪ್ಪಿಯನ್ನು ಬಿಟ್ಟದ್ದುಂಟು. ಮನುಷ್ಯನನ್ನು ಸೊಳ್ಳೆಯಿಂದ ಕಾಯುವ ಮೀನಿನ ಮರಿಯನ್ನು ಕಾಯಲು, ಮನುಷ್ಯನನ್ನು ಸೊಳ್ಳೆಯಿಂದ ಕಾಯ್ದು ಹಳತಾದ ಪರದೆಯೇ ಒದಗಿತೆಂಬುದು ನನಗೆ ಬಹಳ ಇಷ್ಟವಾದ ಸಂಗತಿ.

ಮೊದಲು ನಾನು ಪರದೆಯ ತಂಟೆಗೆ ಹೋಗಿರಲಿಲ್ಲ. ನೀರಿನ ಬಾಟಲಿಯೊಂದನ್ನು ಅಡ್ಡಲಾಗಿ ಕತ್ತರಿಸಿ, ಕಾಸಿದ ಸೂಜಿಯಿಂದ ಮೂವತ್ತೋ ನಲವತ್ತೋ ತೂತು ಮಾಡಿ, ಥರ್ಮಕೋಲಿನ ಚೂರು ಕಟ್ಟಿ ತೇಲಬಿಟ್ಟಿದ್ದೆ. ಮೂರನೆಯ ದಿನ ಹೊರಗಿನ ನೀರು ತಿಳಿಯಾಗಿಯೇ ಇದ್ದು ಬಾಟಲಿಯೊಳಗಿನದು ಮಾತ್ರ ಅಕ್ಕಿ ತೊಳೆದ ನೀರಿನಂತಾಗಿತ್ತು. ಹನ್ನೊಂದು ಮರಿಗಳು ತಳದಲ್ಲಿದ್ದವು. ನಾನು ಆಹಾರವೆಂದು ಹಾಕಿ, ಅವು ತಿನ್ನದೆ ಉಳಿದ ಮೊಟ್ಟೆಯ ಹಳದಿ ಕೊಳೆತು, ಆ ವಿಷ ಹೊರಗೆ ಹೋಗಲು ದಾರಿಯಿಲ್ಲದೆ ಅವು ಸತ್ತಿದ್ದವು. ತಾಯಿಯ ಬಾಯಿಂದ ತಪ್ಪಿಸಿ ನನ್ನ ಕೈಯಿಂದ ಕೊಂದಂತಾಯಿತಲ್ಲಾ ಎಂದು ಆ ಹಗಲೆಲ್ಲ ಊಟ ಸೇರಲಿಲ್ಲ. ಕಾಪಾಡುವ ಗೋಡೆಗೆ ಕಣ್ಣುಗಳು ಸಾವಿರವಿರಬೇಕು, ಒಂದೂ ಮರಿಯ ತಲೆಯಷ್ಟು ದೊಡ್ಡದಿರಬಾರದು. ಗಾಳಿಕೊಳವೆಯ ಎರಡು ತುದಿಗಳನ್ನು ಒಂದಕ್ಕೊಂದು ಸೇರಿಸಿದರೆ ಒಳಗಿನ ಗಾಳಿಯಿಂದಲೇ ತೇಲುವ ಬಳೆಯಾಗುತ್ತದೆ. ಅದಕ್ಕೆ, ಕುದಿಸಿ ತೊಳೆದ ಒತ್ತುನೆಯ್ಗೆಯ ಪರದೆಯನ್ನು ಚೀಲದಂತೆ ಹೊಲಿದು, ತಳದಲ್ಲಿ ಮಡಿಕೆ ಬೀಳದಂತೆ ನಾಲ್ಕು ಗಾಜಿನ ಗೋಲಿಗಳನ್ನಿಟ್ಟೆ. ಮಡಿಕೆಯಿದ್ದರೆ ಮರಿ ಅದರಲ್ಲಿ ಸಿಕ್ಕಿ ಸಾಯುತ್ತದೆ. ಒಳಗೆ ಒಂದು ಅಂತರಗಂಗೆಯ ಗಿಡ. ಅದರ ಬೇರಿನ ಜಡೆಯಲ್ಲಿ ಮರಿಗಳು ನಡುನೀರಿಗೆ ಸೇರಿಕೊಂಡರೆ, ಹೊರಗಿನಿಂದ ಪರದೆಗೆ ಬಾಯಿ ಹಚ್ಚಿ ಬಾಲ ಎಳೆಯುವ ದೊಡ್ಡವರಿಗೆ ಎಟುಕವು. ವಾರಕ್ಕೊಮ್ಮೆ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಪಾಚಿಯನ್ನು ಉಜ್ಜಬೇಕು, ಇಲ್ಲವಾದರೆ ಕಣ್ಣುಗಳು ಮುಚ್ಚಿ ಅದೂ ಬಾಟಲಿಯೇ ಆಗುತ್ತದೆ. ತಾಯಿಯನ್ನು ಹೆರಿಗೆಗೆ ಮೊದಲೇ ಒಳಗೆ ಹಾಕಿಡುವವರಿದ್ದಾರೆ. ಬಸುರಿಯನ್ನು ಸೆರೆಯಲ್ಲಿಡುವುದು ನನಗೆ ಒಪ್ಪದು. ಮರಿಗಳನ್ನೇ ಲೋಟದಲ್ಲಿ ನೀರಿನೊಡನೆ ಎತ್ತಿ ಬಿಡುತ್ತೇನೆ.

ಹೀಗೆ ಎತ್ತುವಾಗಲೆಲ್ಲ ನನಗೆ ಮನುವಿನ ನೆನಪಾಗುತ್ತದೆ. ಮತ್ಸ್ಯಾವತಾರದ ಕಥೆಯನ್ನು ಕೇಳಿದ ನಮಗೆಲ್ಲ ಪ್ರಳಯದ ನೀರು, ಕೊಂಬುಳ್ಳ ಮಹಾಮತ್ಸ್ಯ, ಅದಕ್ಕೆ ಕಟ್ಟಿದ ನೌಕೆ, ಇವೇ ಕಣ್ಣಿಗೆ ಕಟ್ಟುತ್ತವೆ. ಅದರ ಮೊದಲಿಗೊಂದು ಮಡಕೆಯಿತ್ತೆಂಬುದನ್ನು ಯಾರೂ ನಿಂತು ನೋಡುವುದಿಲ್ಲ. ಶತಪಥ ಬ್ರಾಹ್ಮಣದಲ್ಲಿ ಬೆಳಗ್ಗೆ ಕೈತೊಳೆಯುತ್ತಿದ್ದ ಮನುವಿನ ಅಂಗೈಗೆ ಸಿಕ್ಕಿದ ಕಿರುಮೀನು, ತಾವು ಚಿಕ್ಕವರಿರುವಷ್ಟು ಕಾಲ ತಮಗೆ ನಾಶವೇ ಹೆಚ್ಚು, ಮೀನನ್ನು ಮೀನೇ ತಿನ್ನುತ್ತದೆ ಎಂದು ಹೇಳಿ, ತನ್ನನ್ನು ಮೊದಲು ಕುಂಭಿಯಲ್ಲಿಡು, ಅದು ಸಾಲದಾದಾಗ ಗುಂಡಿ ತೋಡಿ ಅದರಲ್ಲಿಡು, ಅದೂ ಸಾಲದಾದಾಗ ಸಮುದ್ರಕ್ಕೊಯ್ಯಿ ಎಂದು ಕ್ರಮವಾಗಿ ವಿಧಿಸುತ್ತದೆ. ಮರಿಮೀನು ಸಾಕುವವನಿಗೆ ಇದಕ್ಕಿಂತ ಸ್ಪಷ್ಟವಾದ ಉಪದೇಶವನ್ನು ನಾನು ಬೇರೆಲ್ಲಿಯೂ ಕಾಣೆ: ಚಿಕ್ಕದಿರುವಾಗ ಚಿಕ್ಕ ಆವರಣ, ಬೆಳೆದಂತೆ ದೊಡ್ಡದು, ನುಂಗುವವರ ಬಾಯಿಗೆ ಮೀರಿದ ಮೇಲೆ ಬಿಡುಗಡೆ. ಭಾಗವತಕ್ಕೆ ಬಂದರೆ ಮನುವಿನ ಸ್ಥಾನದಲ್ಲಿ ಕೃತಮಾಲಾ ನದಿಯಲ್ಲಿ ತರ್ಪಣ ಕೊಡುತ್ತಿದ್ದ ದ್ರವಿಡದೇಶದ ದೊರೆ ಸತ್ಯವ್ರತನಿದ್ದಾನೆ, ಮಡಕೆಯ ಸ್ಥಾನದಲ್ಲಿ ಕಮಂಡಲುವಿದೆ. ಅಲ್ಲಿಯ ಮೀನು ತನ್ನ ಹಗೆಗಳನ್ನು ಹೆಸರಿಸುವ ಮಾತು ಜ್ಞಾತಿಘಾತಿಗಳೆಂದು. ತನ್ನವರನ್ನೇ ಕೊಲ್ಲುವವರು! ಗಾಜಿನ ಪೆಟ್ಟಿಗೆಯ ಮುಂದೆ ಒಂದು ಗಂಟೆ ಕುಳಿತವನಿಗೆ ಆ ಶಬ್ದದ ಭಾರ ತಿಳಿಯುತ್ತದೆ.

ಆದರೆ ನನ್ನ ಭಾವಮೈದುನನಿಗೆ ಹೇಳಬೇಕಾದದ್ದು ಇರುವುದು ಮಹಾಭಾರತದ ವನಪರ್ವದಲ್ಲಿ. ಚೀರಿಣಿಯ ದಡದಲ್ಲಿ ತಪಸ್ಸಿನಲ್ಲಿದ್ದ ಮನುವಿನ ಬಳಿಗೆ ಬಂದ ಮೀನು, ಬಲಿಷ್ಠವಾದ ಮೀನುಗಳು ದುರ್ಬಲವಾದವನ್ನು ತಿನ್ನುವುದು ತಮಗೆ ವಿಹಿತವಾದ ಸನಾತನ ವೃತ್ತಿಯೆಂದು ತಾನೇ ಒಪ್ಪುತ್ತದೆ. ಒಪ್ಪಿಯೂ ಕಾಪಾಡೆಂದು ಬೇಡುತ್ತದೆ. ಪ್ರಕೃತಿ ಇರುವುದೇ ಹಾಗೆಂಬ ಮಾತನ್ನು ಹೇಳಲು ಅದಕ್ಕೆ ಭಾವಮೈದುನನು ಬೇಕಾಗಲಿಲ್ಲ. ತಿನ್ನಿಸಿಕೊಳ್ಳುವ ಬಾಯೇ ಅದನ್ನು ಹೇಳಿತು. ಮನುವು ವಾದಕ್ಕೆ ನಿಲ್ಲಲಿಲ್ಲ. ಅದನ್ನೆತ್ತಿ ಹರವಿಯಲ್ಲಿಟ್ಟು, ಮಗನಂತೆ ಕಂಡನು. ಹರವಿಯಿಂದ ಬಾವಿಗೆ, ಬಾವಿಯಿಂದ ಗಂಗೆಗೆ, ಗಂಗೆಯಿಂದ ಕಡಲಿಗೆ ಹೊತ್ತನು. ಅಷ್ಟು ಹೊರುವಾಗ ಅದು ಮುಂದೆ ತನ್ನನ್ನು ಪ್ರಳಯ ದಾಟಿಸುವುದೆಂಬ ಅರಿವು ಈ ಕಥೆಯಲ್ಲಿ ಅವನಿಗಿರಲಿಲ್ಲ. ಮೀನು ಆ ಮಾತನ್ನಾಡುವುದು ಕಡಲು ಸೇರಿದ ಮೇಲೆ. ದೊಡ್ಡದು ಚಿಕ್ಕದನ್ನು ನುಂಗುವ ಈ ವೃತ್ತಿಯನ್ನೇ ನೆನೆದು ನಮ್ಮ ಹಿರಿಯರು ರಾಜನಿಲ್ಲದ ನಾಡಿನ ದುರವಸ್ಥೆಗೆ ಮತ್ಸ್ಯನ್ಯಾಯವೆಂದು ಹೆಸರಿಟ್ಟರು. ಮತ್ಸ್ಯನ್ಯಾಯದಿಂದ ಕಂಗೆಟ್ಟ ಪ್ರಜೆಗಳು ಮನುವನ್ನು ದೊರೆಯಾಗಿ ಮಾಡಿಕೊಂಡರೆಂದು ಕೌಟಿಲ್ಯನ ಅರ್ಥಶಾಸ್ತ್ರವು ಹೇಳುತ್ತದೆ. ಬಂಗಾಳದ ಪಾಲವಂಶದ ಗೋಪಾಲನನ್ನು ಅದೇ ಕಾರಣಕ್ಕೆ ದೊರೆಯಾಗಿ ಆರಿಸಿದರೆಂದು ಆ ವಂಶದ ಧರ್ಮಪಾಲನ ತಾಮ್ರಶಾಸನವೂ ಹೇಳುತ್ತದೆ. ಮೀನನ್ನು ಮೀನಿನಿಂದ ಕಾಯ್ದವನನ್ನೇ ಜನರು ಮನುಷ್ಯನನ್ನು ಮನುಷ್ಯನಿಂದ ಕಾಯಲು ಕರೆದರೆಂದು ನಾನು ಈ ಎರಡು ಕಥೆಗಳನ್ನು ಜೋಡಿಸಿ ಓದಿಕೊಳ್ಳುತ್ತೇನೆ. ಪಂಡಿತರು ಒಪ್ಪದಿದ್ದರೆ ಒಪ್ಪದಿರಲಿ. ಹರವಿಯೊಂದನ್ನು ಎಚ್ಚರದಿಂದ ನೋಡಿಕೊಂಡವನ ಕೈಗೆ ನಾಡನ್ನು ಕೊಡಬಹುದೆಂದು ನನಗೆ ಮನಃಪೂರ್ವಕವಾಗಿ ಅನಿಸುತ್ತದೆ.

ಈ ಸಲ ಇಪ್ಪತ್ತಮೂರು ಮರಿಗಳು. ಬೆಂದ ಮೊಟ್ಟೆಯ ಹಳದಿಯನ್ನು ಬಟ್ಟೆಯಲ್ಲಿ ಹಿಂಡಿ, ಸೂಜಿಯ ಮೊನೆಯಷ್ಟನ್ನು ದಿನಕ್ಕೆ ನಾಲ್ಕು ಬಾರಿ ಕೊಟ್ಟು, ಉಳಿದದ್ದನ್ನು ಪಿಚಕಾರಿಯಿಂದ ಹೀರಿ ತೆಗೆಯುತ್ತಿದ್ದೇನೆ. ಎರಡು ವಾರಗಳಾದವು, ಇಪ್ಪತ್ತೊಂದು ಉಳಿದಿವೆ. ಇನ್ನೊಂದು ತಿಂಗಳಾದರೆ ಪರದೆ ಬಿಚ್ಚಬಹುದು.

ನಿನ್ನೆ ಸಂಜೆ ಭಾವಮೈದುನನು ಮತ್ತೆ ಬಂದಿದ್ದನು. ವನಪರ್ವವನ್ನು ತೆರೆದಿಟ್ಟುಕೊಂಡು, ಹೇಳಬೇಕಾದದ್ದನ್ನೆಲ್ಲ ಮನಸ್ಸಿನಲ್ಲಿ ಜೋಡಿಸಿಕೊಂಡು ನಾನು ಕಾದಿದ್ದೆ. ಅವನು ನನ್ನತ್ತ ನೋಡದೆ ನೇರವಾಗಿ ಕಿಟಕಿಯ ಬಳಿಗೆ ಹೋಗಿ, ಕನ್ನಡಕವನ್ನು ಹಣೆಗೇರಿಸಿ, ಗಾಜಿಗೆ ಮುಖವಿಟ್ಟು ಬಹಳ ಹೊತ್ತು ನಿಂತನು. ನಾನು ಪುಟ ತಿರುಗಿಸುವಷ್ಟರಲ್ಲಿ, "ಭಾವ, ಬೇಗ ಬನ್ನಿ, ಒಂದು ಮರಿ ಪರದೆಯ ಹೊರಗಿದೆ!" ಎಂದು ಕೂಗಿದನು. ಲೋಟವನ್ನು ಅವನೇ ಎತ್ತಿಕೊಂಡಿದ್ದನು.