ಗ್ರಹಣದ ಮಣ್ಣು, ಶರಣರ ದಯೆ

ದಿನ, ವಾರ, ರಾಶಿ, ತಾರಾಬಲಗಳನ್ನು ಎಣಿಸಿ ಜನರು ಒಳಿತು ಕೆಡುಕುಗಳನ್ನು ನಿರ್ಣಯಿಸುತ್ತಿದ್ದ ಕಾಲದಲ್ಲಿ ಅಣ್ಣ ಬಸವಣ್ಣನವರು ಆ ಲೆಕ್ಕವನ್ನೇ ಬದಿಗೆ ಸರಿಸಿದರು. ಶಿವನನ್ನು ನೆನೆಯುವವನಿಗೆ ಕೆಟ್ಟ ಗಳಿಗೆಯೆಂಬುದು ಇಲ್ಲವೆಂಬುದೇ ಲಗ್ನವನ್ನು ಕುರಿತ ಅವರ ವಚನದ ತಾತ್ಪರ್ಯ. ಆ ವಚನವನ್ನು ಹಾಡುವ ನಾಡಿನಲ್ಲಿ 2019ರ ಡಿಸೆಂಬರ್ 26ರಂದು ನಡೆದ ಘಟನೆ ಭಕ್ತರೆಲ್ಲರ ಆತ್ಮಾವಲೋಕನಕ್ಕೆ ಕಾರಣವಾಗಬೇಕು.

ಅಂದು ಬೆಳಿಗ್ಗೆ ಸೂರ್ಯಗ್ರಹಣ. ಕಲಬುರಗಿ ನಗರದ ಅಂಚಿನಲ್ಲಿರುವ ತಾಜಸುಲ್ತಾನಪುರದಲ್ಲಿ ಅಂಗವೈಕಲ್ಯವುಳ್ಳ ಮಕ್ಕಳನ್ನು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂಳಲಾಯಿತು. ಗ್ರಹಣದ ಹೊತ್ತಿನ ಮಣ್ಣಿನಿಂದ ವೈಕಲ್ಯ ಕಳೆಯುವುದೆಂಬುದು ಹೆತ್ತವರ ನಂಬಿಕೆ. ಅಳುವ ಮಕ್ಕಳ ತಲೆಗಳು ಮಾತ್ರ ನೆಲದ ಮೇಲೆ ಕಾಣುತ್ತಿದ್ದ ಚಿತ್ರಗಳನ್ನು ದೇಶವೆಲ್ಲ ನೋಡಿತು. ಎದೆಯ ಸುತ್ತ ಮಣ್ಣು ಬಿಗಿದರೆ ಉಸಿರಾಟಕ್ಕೆ ತೊಡಕಾಗುತ್ತದೆ. ಕುತ್ತಿಗೆಯನ್ನೇ ನಿಲ್ಲಿಸಲಾರದ ಮಗುವಿಗೆ ಅದು ಪ್ರಾಣಾಪಾಯ.

ಹಾಗೆಂದು ಆ ತಾಯಿತಂದೆಗಳನ್ನು ಕ್ರೂರಿಗಳೆನ್ನುವುದು ಸಲ್ಲದು. ಅದೇ ಗ್ರಹಣದ ಹಿಂದಿನ ರಾತ್ರಿ, ಕೆಂಪು ಬಾಳೆಗೆ ಹೆಸರಾದ ಕಮಲಾಪುರದ ಒಂದು ಭಕ್ತ ಕುಟುಂಬದಲ್ಲಿಯೂ ಇಂಥದೇ ಸಿದ್ಧತೆ ನಡೆದಿತ್ತು. ಆರು ವರ್ಷದ ಮಗನಿಗೆ ಕಾಲುಗಳಲ್ಲಿ ಬಲವಿಲ್ಲ. ಆಸ್ಪತ್ರೆಗಳಿಗೆ ಅಲೆದು ತಂದೆ ಸಾಲಗಾರನಾಗಿದ್ದನು. ನೆರೆಯವರ ಮಾತು ಕೇಳಿ ಜೀಪು ಗೊತ್ತುಮಾಡಿದ್ದನು. ನಸುಕಿನಲ್ಲಿ ಲಿಂಗಪೂಜೆ ಮುಗಿಸಿದ ಅಜ್ಜಿ ಮಗನನ್ನು ಕರೆದು ಕೇಳಿದಳು:

"ನಂದೂ ಮೊಣಕಾಲು ಬ್ಯಾನಿ ಅದ. ಮೊದಲ ನನ್ನ ಹುಗಿ. ನನಗ ಆರಾಮ ಆದ್ರ ಕೂಸಿಗಿ ಒಯ್ಯಿ."

"ನಿನಗ್ಯಾಕ ಹುಗೀಲಿ ಯವ್ವಾ? ಉಸಿರು ಕಟ್ಟಿ ಸತ್ತೀ."

"ಮತ್ತ ಕೂಸು?"

ಮಗನು ಉತ್ತರಿಸಲಿಲ್ಲ. ಜೀಪು ಬರಿದಾಗಿ ಹಿಂದಿರುಗಿತು. ಗ್ರಹಣ ಬಿಡುವವರೆಗೂ ಅಜ್ಜಿ ಮೊಮ್ಮಗನನ್ನು ತೊಡೆಯ ಮೇಲೆ ಕೂಡಿಸಿಕೊಂಡಿದ್ದಳು.

ಶಾಸ್ತ್ರವನ್ನು ಓದದ ಆ ತಾಯಿ ಕೇಳಿದ ಪ್ರಶ್ನೆಯೇ ಎಲ್ಲ ಆಚರಣೆಗಳಿಗೂ ಒರೆಗಲ್ಲು. ಪರಂಪರೆಯೆಂಬ ಮಾತ್ರಕ್ಕೆ ಯಾವುದೂ ತ್ಯಾಜ್ಯವಲ್ಲ. ಶರಣಬಸವೇಶ್ವರರ ತೇರನ್ನು ಎಳೆಯುವುದು, ಪಾದಯಾತ್ರೆ, ಭಜನೆ, ಉಪವಾಸ ಇವೆಲ್ಲ ಭಕ್ತನು ತಾನಾಗಿ ಒಪ್ಪಿ ತನ್ನ ದೇಹದಿಂದ ಸಲ್ಲಿಸುವ ಸೇವೆ. ನೋವನ್ನು ಉಣ್ಣುವವನು ಒಲ್ಲೆನೆನ್ನಲಾರದ ಕೂಸಾದಾಗ ಅದು ಸೇವೆಯಾಗದು, ಹಿಂಸೆಯಾಗುತ್ತದೆ. ಕರ್ನಾಟಕದ ವಿಧಾನಮಂಡಲವು 2017ರಲ್ಲಿ ಅಂಗೀಕರಿಸಿ, 2020ರ ಜನವರಿಯಲ್ಲಿ ಜಾರಿಗೆ ಬಂದ ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರ ತಡೆ ಕಾಯಿದೆಯೂ ಹೆಚ್ಚುಕಡಿಮೆ ಇದೇ ಗೆರೆಯನ್ನು ಎಳೆದಿದೆ. ಯಾತ್ರೆ, ಪ್ರದಕ್ಷಿಣೆ, ಕೀರ್ತನೆ, ಮಕ್ಕಳ ಕಿವಿ ಚುಚ್ಚುವ ಶಾಸ್ತ್ರಗಳನ್ನು ಅದು ಮುಟ್ಟಿಲ್ಲ. ಎಳೆಯ ಮಕ್ಕಳನ್ನು ಮುಳ್ಳಿನ ಮೇಲೆ ಎಸೆಯುವುದು, ಎಂಜಲೆಲೆಯ ಮೇಲೆ ಉರುಳಿಸುವುದು ಮುಂತಾದವುಗಳನ್ನು ನಿಷೇಧಿಸಿದೆ.

ಆದರೆ ಕಾಯಿದೆಯೊಂದೇ ಸಾಲದು. ಕಲ್ಲಿನ ನಾಗನಿಗೆ ತೋರುವ ಆದರವನ್ನು ಜೀವವುಳ್ಳ ಹಾವಿಗೆ ತೋರದವರನ್ನು ಬಸವಣ್ಣನವರು ಪ್ರಶ್ನಿಸಿದರು. ಅದೇ ವಚನದಲ್ಲಿ ಹಸಿದು ಬಂದ ಜಂಗಮನನ್ನು ಅಟ್ಟಿ, ಉಣ್ಣದ ಲಿಂಗದ ಮುಂದೆ ಎಡೆಯಿಡುವವರನ್ನೂ ಎಚ್ಚರಿಸಿದರು. ಆದುದರಿಂದ ಮಣ್ಣಿನಲ್ಲಿ ಹೂಳಬೇಡಿರೆಂದು ಗದರಿಸಿ ಸುಮ್ಮನಾಗುವವನೂ ಅರ್ಧ ಧರ್ಮವನ್ನಷ್ಟೇ ಮಾಡಿದಂತೆ. ಆ ಮಗುವನ್ನು ವೈದ್ಯರ ಬಳಿಗೆ ಒಯ್ಯಲು, ಶಾಲೆಗೆ ಸೇರಿಸಲು ಕೈಗೂಡಿಸಿದಾಗಲೇ ದಾಸೋಹ ಪೂರ್ಣವಾಗುವುದು. ಎಲ್ಲ ಬಾಗಿಲುಗಳೂ ಮುಚ್ಚಿದ ಮನೆಯವರೇ ಗ್ರಹಣದ ಗುಂಡಿಯ ಕಡೆಗೆ ನಡೆಯುತ್ತಾರೆ.

ಕಮಲಾಪುರದ ಆ ಬಾಲಕ ಇಂದಿಗೂ ನಡೆಯಲಾರ. ಪವಾಡವೇನೂ ಜರುಗಲಿಲ್ಲ. ಓಣಿಯವರು ಕೂಡಿ ಕೊಡಿಸಿದ ಗಾಲಿಕುರ್ಚಿಯಲ್ಲಿ ಶಾಲೆಗೆ ಹೋಗುತ್ತಾನೆ. ಸಂಜೆ ಅಜ್ಜಿಗೆ ವಚನಗಳನ್ನು ಓದಿ ಹೇಳುತ್ತಾನೆ. ಆಕೆಯ ಮೊಣಕಾಲು ನೋವೂ ಹಾಗೆಯೇ ಇದೆ.