ಹನ್ನೆರಡಾಣೆ ತೇಕು

ಮೊದಲ ನನ್ನ ತಪ್ಪು ಹೇಳಿಬಿಡತೀನಿ. ಹೋದ ದೀಪಾವಳಿ ಹೊತ್ತಿಗೆ ನಿಮ್ಮೊಳಗ ಒಂದಿಬ್ಬರ ಮುಂದ ನಾನ ಅಂದಿದ್ದೆ, "ನಮ್ಮ ಅತ್ತಿಯವರಿಗೆ ಈಗೀಗ ಭಾಳ ಆಲಸ್ಯ ನೋಡ್ರಿ, ಕೂತಲ್ಲೇ ಎಲ್ಲಾ ಬೇಕು" ಅಂತ. ತುಳಸಿಗೆ ನೀರ ಹಾಕೂದು ಬಿಟ್ಟಿದ್ರು. ಜಳಕಾ ಮಾಡಿ ಬಂದು ಸೀರಿ ಉಡೂದಕ್ಕ ಅರ್ಧ ತಾಸು. 74 ವಯಸ್ಸು, ಇರ್ಲಿ ಬಿಡು ಅಂದ್ರು ನಮ್ಮನಿಯವರು. ನನಗ ಮಾತ್ರ ಒಳಗೊಳಗ ಸಿಟ್ಟು.

ಆಮ್ಯಾಲೆ ಕೆಮ್ಮು ಹೆಚ್ಚಾತಂತ ಡಾಕ್ಟರ್ ಹತ್ರ ಹೋದ್ವಿ. ಮಷೀನಿನ ಕೊಳವಿಯೊಳಗ ಜೋರಾಗಿ ಊದಿಸಿ ನೋಡಿ, ಸಿಒಪಿಡಿ ಅಂದ್ರು. ಬೀಡಿ ಮುಟ್ಟದ ಹೆಣ್ಮಗಳಿಗೆ ಇದೆಲ್ಲಿಂದ ಬಂತ್ರಿ ಅಂದ್ರ, ಒಲಿ ಹೊಗಿಯಿಂದನೂ ಬರ್ತದಂತ. ಮದುವಿಯಾಗಿ ಬಂದಾಗಿಂದ ಗ್ಯಾಸ್ ಬರೂ ಮಟಾ ಕಟಿಗಿ, ಕುಳ್ಳು, ಊದುಗೊಳವಿ. ಸೇದೂ ಔಷಧ ಬರದುಕೊಟ್ಟು ಫಿಸಿಯೋಥೆರಪಿಗೂ ಕಳಿಸಿದ್ರು. ಫಿಸಿಯೋ ಅಂದ್ರ ಮೊಣಕಾಲಿಗೆ ಕರೆಂಟ್ ಕೊಡೂದು ಅಂತ ತಿಳಕೊಂಡಿದ್ದೆ ನಾನು!

ಅಲ್ಲಿದ್ದಾಕಿ ನಮ್ಮ ಮಗಳ ವಾರಿಗಿ ಹುಡುಗಿ. ತೇಕು ಹತ್ತತದೇನು ಅಂತ ಕೇಳಿದ್ಲು. ಅತ್ತಿಯವರು "ಇಲ್ಲವಾ, ಆರಾಮಿದ್ದೀನಿ" ಅಂದ್ರು. ನಾನೂ "ಮನ್ಯಾಗ ಏನೂ ತ್ರಾಸಿಲ್ಲ" ಅಂತ ಬಾಯಿ ಹಾಕಿದೆ. ಆಕಿ ನಕ್ಕೋತ, "ಆಂಟಿ, ನೀವು ಹೇಳಬ್ಯಾಡ್ರಿ, ಅಜ್ಜಿನ ಹೇಳ್ಲಿ" ಅಂದ್ಲು. ಮತ್ತ ಬ್ಯಾರೆ ಥರಾ ಕೇಳಿದ್ಲು. ಬಚ್ಚಲದಿಂದ ಮಂಚದ ಮಟಾ ಬರೂದ್ರಾಗ ಎಷ್ಟ ಸಲ ನಿಲ್ತೀರಿ? ವಾರಿಗಿಯವರ ಜೋಡಿ ಗುಡಿಗೆ ಹೋದ್ರ ಹಿಂದ ಉಳೀತೀರೇನು? ರಾತ್ರಿ ಎಷ್ಟ ತಲೆದಿಂಬು? ಕಫದ ಬಣ್ಣ ಯಾವುದು? ಕಾಲು ಬಾಯ್ತಾವೇನು?

ಅತ್ತಿಯವರು ಸಣ್ಣ ಧ್ವನೀಲೆ ಒಂದೊಂದ ಹೇಳಿದ್ರು. ಎರಡ ಸಲ ಗ್ವಾಡಿ ಹಿಡಿದು ನಿಲ್ತೀನಿ. ಸೀರಿ ನಿರಿಗಿ ಹಿಡಿಯೂಮುಂದ ಕೈ ಎತ್ತಿದ್ರ ಉಸಿರ ಸಿಗಂಗಿಲ್ಲ. ತುಂಬಿದ ತಂಬಿಗಿ ಹಿಡಕೊಂಡು ಕಟ್ಟಿ ಮೆಟ್ಟಲಾ ಹತ್ತಲಿಕ್ಕಾಗಂಗಿಲ್ಲ. ಒಂದ ಮನ್ಯಾಗ ಇದ್ದು ಇದ್ಯಾವದೂ ನನಗ ಗೊತ್ತಿರಲಿಲ್ಲ. ನೆಲಾ ನೋಡ್ಕೋತ ಕೂತೆ.

ಆಕಿ ಮುಟ್ಟೂಕಿಂತ ಮೊದಲ ಸುಮ್ಮನ ಕಣ್ಣಿಂದ ನೋಡಿದ್ಲು. ಉಸಿರ ತಗೊಳ್ಳೂಮುಂದ ಕುತ್ತಿಗಿ ನರಾ ಬಿಗೀತಾವೇನು, ತುಟಿ, ಉಗುರು ನೀಲಿ ಆಗ್ಯಾವೇನು ಅಂತ. ಆಮ್ಯಾಲೆ ಟೇಪು ತಗೊಂಡು ಎದಿ ಸುತ್ತಲೂ ಹಿಡಿದ್ಲು. "ಈ ವಯಸ್ಸಿನ್ಯಾಗ ಝಂಪರ್ ಹೊಲಸ್ತೀ ಏನವಾ?" ಅಂದ್ರು ಅತ್ತಿಯವರು. ಉಸಿರು ಪೂರ್ತಿ ಬಿಟ್ಟಾಗ ಒಂದಳತಿ, ಪೂರ್ತಿ ತುಂಬಿದಾಗ ಒಂದಳತಿ. ನಡುವಿನ ಫರಕ ಬರೇ 2 ಸೆಂಟಿಮೀಟರ್.

ಕಡೀಕ ಆರು ನಿಮಿಷದ ನಡಿಗಿ. 30 ಮೀಟರಿನ ಪಡಸಾಲಿ, ಎರಡೂ ತುದಿಗೆ ಗುರುತು. ಬಿಪಿ, ನಾಡಿ ನೋಡಿ, ಬಟ್ಟು ತಣ್ಣಗಿದ್ರ ಯಂತ್ರ ಸರಿ ತೋರ್ಸಂಗಿಲ್ಲಂತ ಕೈ ತಿಕ್ಕಿ ಬೆಚ್ಚಗ ಮಾಡಿ ಬಟ್ಟಿಗೆ ಹಾಕಿದ್ಲು. 94. ನಿಮಗೆಷ್ಟ ಆಗ್ತದೋ ಅಷ್ಟ ನಡೀರಿ, ಬೇಕಾದ್ರ ನಿಲ್ರಿ, ಖುರ್ಚಿ ಅದ. ಆದ್ರ ಗಡಿಯಾರ ನಿಲ್ಲಂಗಿಲ್ಲ. ನಾನು ಕೈ ಹಿಡಿಲಿಕ್ಕೆ ಹೋದೆ, ಬ್ಯಾಡ ಅಂದ್ಲು. ಜೋಡಿ ಯಾರರೆ ನಡದ್ರ ಅವರ ನಡಿಗಿಗೆ ಇವರು ಓಡ್ತಾರಂತ. ಮೂರನೇ ನಿಮಿಷಕ್ಕ ಅತ್ತಿಯವರು ಗ್ವಾಡಿ ಹಿಡಿದ್ರು. ತುಟಿ ಸೀಟಿ ಹೊಡದಂಗ ಮಾಡಿ ಉಫ್ ಅಂತ ಉಸಿರು ಬಿಟ್ರು. ಥೇಟ್ ಒಲಿ ಊದಿದಂಗ. "ಅಜ್ಜಿಗೆ ಯಾರೂ ಕಲಿಸಿಲ್ಲ, ಮೈನ ಕಲತದ. ಹಂಗ ಬಿಟ್ರ ಒಳಗಿನ ಗಾಳಿ ಸಾವಕಾಶ ಹೊರಗ ಬರ್ತದ" ಅಂದ್ಲು ಹುಡುಗಿ.

ಮುಗಿದಾಗ 210 ಮೀಟರ್. ಬಟ್ಟಿನ್ಯಾಗ 87. ತೇಕು ಸೊನ್ನಿಯಿಂದ ಹತ್ತರೊಳಗ ಎಷ್ಟು ಅಂತ ಕೇಳಿದ್ಲು. ಅತ್ತಿಯವರು ಸುಧಾರಿಸ್ಕೊಂಡು, "ಹನ್ನೆರಡಾಣೆ" ಅಂದ್ರು. ಆಕಿ ಪೆನ್ನು ಹಿಡಕೊಂಡು ನನ್ನ ಮಾರಿ ನೋಡಿದ್ಲು. ಹದಿನಾರಾಣೆ ಅಂದ್ರ ಪೂರ್ತಿ ಅಂತ ಹೇಳಿದ ಮ್ಯಾಲೆ ಲೆಕ್ಕಾ ಹಾಕಿ ಏಳೂವರಿ ಹತ್ರ ಅಂತ ಬರಕೊಂಡ್ಲು.

ಈಗ ವಾರಕ್ಕ ಎರಡ ಸಲ ಹೋಗ್ತೀವಿ. ಬಚ್ಚಲದಾಗ ಸ್ಟೂಲ್ ಇಟ್ಟೀನಿ, ಸೀರಿ ಕೂತು ಉಡತಾರ. ತುಂಬಿದ ತಂಬಿಗಿ ನಾ ಒಯ್ದು ಕಟ್ಟಿ ಮ್ಯಾಲೆ ಇಡತೀನಿ, ನೀರು ಅವರ ಹಾಕ್ತಾರ. ಆರಾಮ ಏನ್ರಿ ಅಂತ ಕೇಳೂದು ಬಿಟ್ಟೀನಿ. ಎಷ್ಟಾಣೆ ಅಂತೀನಿ. ಇವತ್ತ ಮುಂಜಾನೆ "ಏಳು" ಅಂದ್ರು, ತಿರುಗಿ "ಎಂಟ ಬರಕೋ" ಅಂದ್ರು.